ಕನ್ನಡಿಯಲ್ಲಿ ಮಗಳಿಗೆ ಕಾಣುವುದೇನು?

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ಇಂಜಿನಿಯರಿಂಗ್ ಓದುತ್ತಿದ್ದಳು. ಹಾಸ್ಟೆಲ್‌ನಲ್ಲಿ ಊಟ ಬಿಡುತ್ತಾ ಬಿಡುತ್ತಾ ಮೂಳೆ ಕಾಣುವಷ್ಟು ಸೊರಗಿದಳು. ಮೊದಲು ಗ್ಯಾಸ್ಟ್ರಿಕ್ ಅಂದುಕೊಂಡು ಅದರ ಮಾತ್ರೆ ಕೊಡಿಸಿದೆವು. ಆಮೇಲೆ ಮನೋವೈದ್ಯರು ಇದು ಅನೊರೆಕ್ಸಿಯಾ, ದಪ್ಪ ಆಗುವ ಭಯದಿಂದ ಊಟ ಬಿಡುವ ಮಾನಸಿಕ ಕಾಯಿಲೆ ಎಂದರು. ನಾಲ್ಕು ತಿಂಗಳಿಂದ ಚಿಕಿತ್ಸೆ ನಡೆಯುತ್ತಿದೆ. ಮನೆಯಲ್ಲೇ ಇದ್ದಾಳೆ, ತೂಕ ನಿಧಾನಕ್ಕೆ ಏರುತ್ತಿದೆ. ಆದರೆ ದಿನಾ ಕನ್ನಡಿ ಮುಂದೆ ನಿಂತು "ನೋಡಮ್ಮ, ಎಷ್ಟು ದಪ್ಪ ಆಗಿದ್ದೀನಿ" ಎಂದು ಅಳುತ್ತಾಳೆ. ಫೋಟೊ ತೋರಿಸಿದೆವು. ತಂಗಿಯ ಪಕ್ಕ ನಿಲ್ಲಿಸಿದೆವು. ಹಳೇ ಚೂಡಿದಾರ ಈಗಲೂ ಜೋಲಾಡುವುದನ್ನು ತೋರಿಸಿದೆವು. ಏನೂ ನಂಬುವುದಿಲ್ಲ. ಅವಳ ಕಣ್ಣಿಗೆ ನಿಜಕ್ಕೂ ಹಾಗೆ ಕಾಣುತ್ತಾ? ತನ್ನ ಮೈಯನ್ನು ಇರುವ ಹಾಗೇ ನೋಡಲು ಅವಳಿಗೆ ಕಲಿಸುವುದು ಹೇಗೆ?
ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಮೊದಲ ಮಾತು. ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ, ನಾಟಕವನ್ನೂ ಮಾಡುತ್ತಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಕೊಡಿಸಿದ್ದಕ್ಕೆ ನೀವೂ ಕೊರಗಬೇಡಿ. ನಮ್ಮ ಕಡೆ ಈ ಕಾಯಿಲೆ ಎಷ್ಟೋ ಸಲ "ಹೊಟ್ಟೆ ಉಬ್ಬರ", "ಹಸಿವೇ ಇಲ್ಲ", "ಶನಿವಾರ ಉಪವಾಸ" ಎಂಬ ಮಾತುಗಳ ಹಿಂದೆ ಅಡಗಿಕೊಂಡೇ ಬರುತ್ತದೆ. ಇದು ಹೊರದೇಶದವರ ಕಾಯಿಲೆ ಎಂದೂ ತಿಳಿಯಬೇಡಿ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೆಂಗಳೂರಿನ ಮನೋವೈದ್ಯರನ್ನು ಕೇಳಿದಾಗ, ಮೂವರಲ್ಲಿ ಇಬ್ಬರು ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಯ ರೋಗಿಯನ್ನು ಕಂಡಿದ್ದೇವೆ ಎಂದಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕಣ್ಣಿಗೆ ಹಾಗೆ ಕಾಣುತ್ತಾ?

ನೀವೇ ಒಂದು ಪ್ರಯೋಗ ಮಾಡಿ. ಮಗಳಿಂದ ಮಾಡಿಸಬೇಡಿ, ನೀವು ಮಾತ್ರ. ಸ್ನಾನದ ಮನೆಯ ಕನ್ನಡಿಗೆ ಆವಿ ಹಿಡಿದಿರುತ್ತದಲ್ಲ, ಅದರ ಮುಂದೆ ನಿಂತು ಒಂದು ಕಣ್ಣು ಮುಚ್ಚಿಕೊಳ್ಳಿ. ಕನ್ನಡಿಯಲ್ಲಿ ಕಾಣುವ ನಿಮ್ಮ ಮುಖದ ಸುತ್ತ ಬೆರಳಿನಿಂದ ಗೆರೆ ಎಳೆಯಿರಿ. ಆಮೇಲೆ ಗೇಣು ಹಾಕಿ ಅಳೆಯಿರಿ. ನಿಮ್ಮ ಮುಖ ಸುಮಾರು ಒಂದು ಗೇಣು ಇದ್ದರೆ, ಆ ಗೆರೆ ಅರ್ಧ ಗೇಣಷ್ಟೇ ಇರುತ್ತದೆ. ಹತ್ತಿರ ಬಂದರೂ ಅರ್ಧ, ದೂರ ಸರಿದರೂ ಅರ್ಧ. ಇಷ್ಟು ವರ್ಷ ದಿನಾ ಆ ಕನ್ನಡಿ ಮುಂದೆ ತಲೆ ಬಾಚಿದ್ದೀರಿ. ಒಂದು ದಿನವಾದರೂ ಮುಖ ಅರ್ಧಕ್ಕೆ ಇಳಿದಂತೆ ಕಂಡಿತ್ತಾ? ಇಲ್ಲ ಅಲ್ವಾ? ಕನ್ನಡಿ ಕೊಟ್ಟದ್ದನ್ನು ಮಿದುಳು ಹಾಗೇ ಇಟ್ಟುಕೊಳ್ಳುವುದಿಲ್ಲ. ತನಗೆ ಮೊದಲೇ ಗೊತ್ತಿರುವುದನ್ನು ಬೆರೆಸಿ ನಮಗೆ ತೋರಿಸುತ್ತದೆ. ಎಲ್ಲರಿಗೂ ಹೀಗೇ. ನಿಮ್ಮ ಮಗಳ ವಿಷಯದಲ್ಲಿ ಬೆರೆಯುತ್ತಿರುವುದು ಭಯ.

ಅನೊರೆಕ್ಸಿಯಾದಲ್ಲಿ ತನ್ನ ದೇಹದ ಚಿತ್ರವೇ ತಪ್ಪಾಗಿರುತ್ತದೆ, ಅದೇ ಕಾಯಿಲೆಯ ತಿರುಳು ಎಂದು ವೈದ್ಯೆ ಹಿಲ್ಡೆ ಬ್ರೂಕ್ 1962ರಲ್ಲಿ ಬರೆದರು. ಅಂದಿನಿಂದ ಸಂಶೋಧಕರು ತಪ್ಪು ಎಲ್ಲಿದೆ ಎಂದು ಹುಡುಕುತ್ತಲೇ ಇದ್ದಾರೆ. ಕಣ್ಣಿನಲ್ಲೋ, ಮೈಯಲ್ಲೋ, ಮನಸ್ಸಿನಲ್ಲೋ? ಎರಡು ಪ್ರಯೋಗಗಳನ್ನು ಹೇಳುತ್ತೇನೆ. ಇವು ನಾನು ರೋಗಿಗಳ ಜೊತೆ ಮಾತಾಡುವ ರೀತಿಯನ್ನೇ ಬದಲಿಸಿವೆ.

ಮೊದಲನೆಯದು ನೆದರ್‌ಲ್ಯಾಂಡ್ಸ್‌ನದು, 2013ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಅಗಲದ ಬಾಗಿಲಿನಂಥ ಸಂದಿಗಳಲ್ಲಿ ನಡೆದು ಹೋಗಲು ಹೇಳಿದರು. ಗಮನ ಬೇರೆ ಕಡೆ ಇರಲಿ ಎಂದು ಜೊತೆಗೆ ಇನ್ನೊಂದು ಕೆಲಸ ಕೊಟ್ಟಿದ್ದರು. ಸಂದಿ ಇಕ್ಕಟ್ಟಾದರೆ ನಾವೆಲ್ಲ ಯೋಚನೆ ಮಾಡದೆಯೇ ಭುಜ ಓರೆ ಮಾಡುತ್ತೇವೆ. ಕಾಯಿಲೆ ಇಲ್ಲದವರು, ಸಂದಿ ತಮ್ಮ ಭುಜಕ್ಕಿಂತ ಶೇ. 25ರಷ್ಟು ಅಗಲ ಇದ್ದಾಗಿನಿಂದ ಓರೆಯಾಗತೊಡಗಿದರು. ಅನೊರೆಕ್ಸಿಯಾ ಇದ್ದವರು ಶೇ. 40ರಷ್ಟು ಅಗಲ ಇದ್ದಾಗಲೇ ಓರೆಯಾದರು. ಭುಜ 40 ಸೆಂ.ಮೀ. ಅಂದುಕೊಳ್ಳಿ. ಉಳಿದವರು 50 ಸೆಂ.ಮೀ. ಬಾಗಿಲಿನಲ್ಲಿ ಮಾಡಿದ್ದನ್ನು ಇವರು 56 ಸೆಂ.ಮೀ. ಬಾಗಿಲಿನಲ್ಲೇ ಮಾಡಿದರು. ಅಲ್ಲಿ ಕನ್ನಡಿ ಇರಲಿಲ್ಲ, "ನಾನು ದಪ್ಪ" ಎನ್ನುವ ಮಾತೂ ಇರಲಿಲ್ಲ. ಕಾಲು, ಭುಜ, ಬೆನ್ನು ತಮ್ಮಷ್ಟಕ್ಕೇ ದೊಡ್ಡ ಮೈಯನ್ನು ಹೊತ್ತುಕೊಂಡಂತೆ ನಡೆದವು. ಮಗಳು ಮನೆಯಲ್ಲಿ ಸೋಫಾ ಪಕ್ಕ ಹಾದು ಹೋಗುವಾಗ ಮೈ ಮುದುಡಿಕೊಳ್ಳುತ್ತಾಳಾ, ಗಮನಿಸಿ. ಹಾಗೆ ಮಾಡಿದರೆ ಅವಳಿಗೆ ಹೇಳಲು ಹೋಗಬೇಡಿ. ನೀವು ಅರ್ಥ ಮಾಡಿಕೊಂಡರೆ ಸಾಕು.

ಎರಡನೆಯದು ಜರ್ಮನಿಯ ಟ್ಯೂಬಿಂಗನ್‌ನದು, 2018ರಲ್ಲಿ ಬಂದದ್ದು. ಪ್ರತಿಯೊಬ್ಬರ ಮೈಯನ್ನೂ ಸ್ಕ್ಯಾನ್ ಮಾಡಿ, ಅವರದೇ ಅಳತೆಯ ಆಳೆತ್ತರದ ಕಂಪ್ಯೂಟರ್ ಬೊಂಬೆ ಮಾಡಿದರು. ಅದನ್ನು ದಪ್ಪ, ತೆಳ್ಳಗೆ ಮಾಡುತ್ತಾ "ಈಗ ನೀವು ಹೀಗಿದ್ದೀರಾ?" ಎಂದು ಕೇಳಿದರು. ಅನೊರೆಕ್ಸಿಯಾ ಇರುವ ಹೆಂಗಸರು ಕೂಡ ಉಳಿದವರಷ್ಟೇ ಸರಿಯಾಗಿ ತಮ್ಮ ಅಳತೆ ಗುರುತಿಸಿದರು! ವ್ಯತ್ಯಾಸ ಬಂದದ್ದು ಇನ್ನೊಂದು ಪ್ರಶ್ನೆಯಲ್ಲಿ. "ಹೇಗಿರಬೇಕು ಅನ್ನಿಸುತ್ತದೆ?" ಎಂದಾಗ ಅವರು ಮತ್ತೂ ತೀರಾ ತೆಳ್ಳಗಿನ ಮೈಯನ್ನು ತೋರಿಸಿದರು.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣು ಬಹಳ ಮಟ್ಟಿಗೆ ಸರಿಯಾಗಿಯೇ ಇರಬಹುದು. ಮೈ ತನ್ನನ್ನು ತಾನು ದೊಡ್ಡದು ಎಂದುಕೊಂಡಿದೆ. ಮನಸ್ಸು "ಇದು ಜಾಸ್ತಿ" ಎಂದು ತೀರ್ಪು ಕೊಟ್ಟುಬಿಟ್ಟಿದೆ. ಅದಕ್ಕೇ ಫೋಟೊ ಕೆಲಸ ಮಾಡಲಿಲ್ಲ, ತಂಗಿಯ ಪಕ್ಕ ನಿಲ್ಲಿಸಿದ್ದೂ ಕೆಲಸ ಮಾಡಲಿಲ್ಲ. ನೀವು ಕಣ್ಣಿಗೆ ಸಾಕ್ಷಿ ಕೊಡುತ್ತಿದ್ದೀರಿ. ಅವಳ ಜಗಳ ಇರುವುದು ಕಣ್ಣಿನ ಜೊತೆ ಅಲ್ಲ.

ನನ್ನ ಬಳಿ ಬರುವವರಿಗೆ ಕೆಲವೊಮ್ಮೆ ಒಂದು ಉಲ್ಲನ್ ದಾರ ಕೊಡುತ್ತೇನೆ. "ನಿಮ್ಮ ಸೊಂಟದ ಸುತ್ತಳತೆ ಎಷ್ಟಿರಬಹುದು? ಅಷ್ಟು ದೊಡ್ಡ ಸುತ್ತು ನೆಲದ ಮೇಲೆ ಹಾಕಿ." ಆಮೇಲೆ ಇನ್ನೊಂದು ಬಣ್ಣದ ದಾರವನ್ನು ಅವರ ಸೊಂಟಕ್ಕೇ ಸುತ್ತಿ, ತೆಗೆದು, ಮೊದಲ ಸುತ್ತಿನ ಒಳಗೆ ಇಡುತ್ತೇವೆ. ಅಳತೆ ಪಟ್ಟಿ ಬಳಸುವುದಿಲ್ಲ, ಸಂಖ್ಯೆ ಬಂದರೆ ಅದೇ ಇನ್ನೊಂದು ಗೀಳಾಗುತ್ತದೆ. ಒಬ್ಬ ಹುಡುಗಿ ಹಾಕಿದ್ದ ಹಸಿರು ಸುತ್ತಿನ ಒಳಗೆ ಕೆಂಪು ಸುತ್ತು ಎಷ್ಟು ಚಿಕ್ಕದಾಗಿ ಕೂತಿತ್ತೆಂದರೆ, ನಡುವೆ ಅವಳ ಅಂಗೈ ಹಿಡಿಸುತ್ತಿತ್ತು. ಅವಳು ಬಗ್ಗಿ ಆ ಜಾಗದಲ್ಲಿ ಕೈ ಇಟ್ಟು ನೋಡಿದಳು. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ದಾರ ನಿಜವೇ ಇರಬಹುದು. ಆದ್ರೆ ನನಗೆ ಹಾಗೆ ಅನ್ನಿಸಲ್ಲ."

ನಾನು ಕಾಯುತ್ತಿದ್ದದ್ದು ಇದೇ ಮಾತಿಗೆ. ಇರುವುದು ಒಂದು, ಅನ್ನಿಸುವುದು ಇನ್ನೊಂದು. ಈ ಎರಡರ ನಡುವೆ ಒಂದು ಅಂಗೈ ಜಾಗ ಇದೆ ಎಂದು ಅವಳಿಗೆ ಗೊತ್ತಾದರೆ ಕೆಲಸ ಶುರುವಾಯಿತು ಎಂದರ್ಥ. ನನ್ನ ಅನುಭವದಲ್ಲಿ "ಸರಿಯಾಗಿ ನೋಡುವುದು" ಅಂದರೆ ಅನ್ನಿಸುವುದು ತಟ್ಟನೆ ನಿಂತುಹೋಗುವುದಲ್ಲ. ಅನ್ನಿಸುತ್ತಿರುವಾಗಲೂ "ಇದು ಅನ್ನಿಸುತ್ತಿರುವುದು, ಇರುವುದಲ್ಲ" ಎಂದು ಗುರುತಿಸಿ ತಟ್ಟೆಯ ಮುಂದೆ ಕೂರಲು ಸಾಧ್ಯವಾಗುವುದು. ಈ ದಾರದ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಆಮೇಲೆ ಏಳುವ ಅಳು, ಕೋಪವನ್ನು ತಡೆದುಕೊಳ್ಳಲು ಪಕ್ಕದಲ್ಲಿ ಪಳಗಿದವರು ಇರಬೇಕು.

ಆದರೆ ಇದೆಲ್ಲಕ್ಕಿಂತ ಮೊದಲು ಊಟ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡಿ ಸರಿಹೋದರೆ ಊಟ ಸರಿಹೋಗುತ್ತದೆ ಎಂದು ಬಹಳ ಜನ ತಂದೆತಾಯಿ ಕಾಯುತ್ತಾರೆ. ಅದು ತಿರುಗುಮುರುಗು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. 36 ಆರೋಗ್ಯವಂತ ಗಂಡಸರು ತಾವೇ ಒಪ್ಪಿ ಬಂದು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ತೂಕದ ಕಾಲು ಭಾಗ ಇಳಿಯಿತು. ಇವರಿಗೆ ದಪ್ಪ ಆಗುವ ಭಯ ಮೊದಲು ಇರಲೇ ಇಲ್ಲ. ಆದರೂ ಸೊರಗಿದ ತಮ್ಮ ಮೈ ಅವರಿಗೆ ಅಷ್ಟೇನೂ ತೆಳ್ಳಗೆ ಕಾಣಲಿಲ್ಲ, ಉಳಿದವರೆಲ್ಲ ತೀರಾ ದಪ್ಪ ಕಂಡರು. ಮತ್ತೆ ಊಟ ಶುರು ಮಾಡಿ ಮೈ ಬರುವಾಗ ಕೆಲವರು ಹೊಟ್ಟೆ, ತೊಡೆ ದಪ್ಪ ಆಯಿತು ಎಂದು ಗೊಣಗಿದರು. ಹಸಿವು ಒಂದೇ ಸಾಕು, ನೋಟ ಕೆಡಿಸಲು. ಹಸಿದ ಮಿದುಳಿಗೆ ಪಾಠ ಹತ್ತುವುದಿಲ್ಲ. ಆದ್ದರಿಂದ ಮೂರು ಹೊತ್ತು ಊಟ, ನಡುವೆ ತಿಂಡಿ, ಡಾಕ್ಟರು ಮತ್ತು ಡಯಟಿಷಿಯನ್ ಹೇಳಿದಷ್ಟು, ಅವಳಿಗೆ ಹೇಗೆ ಕಂಡರೂ ಸರಿ, ನಡೆಯುತ್ತಲೇ ಇರಬೇಕು. ತೂಕ ಸರಿಹೋದ ಎಷ್ಟೋ ತಿಂಗಳ ಮೇಲೆ ನೋಟ ಸರಿಹೋಗುತ್ತದೆ. ಈ ಕಾಯಿಲೆಯಲ್ಲಿ ಕೊನೆಗೆ ಹೊರಡುವ ಲಕ್ಷಣಗಳಲ್ಲಿ ಇದೂ ಒಂದು. ನಾಲ್ಕು ತಿಂಗಳಿಗೆ ಹೋಗಿಲ್ಲ ಎಂದರೆ ಚಿಕಿತ್ಸೆ ಸೋತಿದೆ ಎಂದಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿರಲಿಕ್ಕಿಲ್ಲ. ಮಗಳು "ಹೊಟ್ಟೆ ದಪ್ಪ ಆಗಿದೆ" ಎಂದಾಗ ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಬಹಳ ದಿನ ಉಪವಾಸ ಇದ್ದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಎರಡು ಇಡ್ಲಿ ತಿಂದರೂ ಗಂಟೆಗಟ್ಟಲೆ ಉಬ್ಬಿಕೊಂಡಂತೆ ಇರುತ್ತದೆ. ಜೊತೆಗೆ, ಕಳೆದುಕೊಂಡ ತೂಕ ಮರಳುವಾಗ ಕೊಬ್ಬು ಮೊದಲು ಹೊಟ್ಟೆ, ನಡುವಿನ ಸುತ್ತ ಕೂರುತ್ತದೆ. ತೂಕ ನಿಂತ ಮೇಲೆ, ಸುಮಾರು ಒಂದು ವರ್ಷದಲ್ಲಿ, ಅದು ಮೈಯೆಲ್ಲ ಹಂಚಿಕೊಳ್ಳುತ್ತದೆ. ಇದನ್ನು ಮುಚ್ಚಿಟ್ಟು "ಏನೂ ಆಗಿಲ್ಲ ಬಿಡು" ಎಂದರೆ ಅವಳು ನಿಮ್ಮ ಬೇರೆ ಮಾತುಗಳನ್ನೂ ನಂಬುವುದಿಲ್ಲ. "ಹೌದು, ಹೊಟ್ಟೆ ಬಿಗಿ ಅನ್ನಿಸುತ್ತಿರಬಹುದು. ಮೈ ರಿಪೇರಿ ಆಗುತ್ತಿದೆ, ಇದು ಇಳಿಯುತ್ತದೆ" ಎಂದರೆ ಅದು ನಿಜ, ಅವಳಿಗೂ ಅದು ನಿಜ ಎನ್ನಿಸುತ್ತದೆ.

ತೂಕ ಒಂದು ಮಟ್ಟಕ್ಕೆ ಬಂದ ಮೇಲೆ ಮನಶ್ಶಾಸ್ತ್ರಜ್ಞರು ಕನ್ನಡಿಯ ಜೊತೆಗೇ ಕೆಲಸ ಮಾಡಿಸುತ್ತಾರೆ. ಸುಮ್ನೆ ನೋಡಿಸುವುದಲ್ಲ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು 2005ರಲ್ಲಿ ಒಂದು ಅಧ್ಯಯನದಲ್ಲಿ ಕಣ್ಣಿನ ಚಲನೆಯನ್ನೇ ಅಳೆದರು. ಊಟದ ತೊಂದರೆಯ ಲಕ್ಷಣ ಇದ್ದವರು ತಮ್ಮ ಫೋಟೊದಲ್ಲಿ ತಮಗೆ ಇಷ್ಟವಿಲ್ಲದ ಭಾಗವನ್ನೇ ಹೆಚ್ಚು ನೋಡಿದರು, ಬೇರೆಯವರ ಫೋಟೊದಲ್ಲಿ ಚೆನ್ನಾಗಿರುವ ಭಾಗವನ್ನು. ಉಳಿದವರು ಇದಕ್ಕೆ ಉಲ್ಟಾ. ನಿಮ್ಮ ಮಗಳ ಕನ್ನಡಿಯಲ್ಲಿ ಮುಖ ಇಲ್ಲ, ಕೈ ಇಲ್ಲ, ತಲೆಗೂದಲು ಇಲ್ಲ. ಬರೀ ತೊಡೆ, ಹೊಟ್ಟೆ. ಯಾವುದನ್ನಾದರೂ ಮೂಗು ತಾಗಿಸಿ ನೋಡಿದರೆ ದೊಡ್ಡದಾಗಿಯೇ ಕಾಣುತ್ತದೆ.

ನಮ್ಮ ಕೋಣೆಯಲ್ಲಿ ಹೀಗೆ ಮಾಡುತ್ತೇವೆ. ಆಳೆತ್ತರದ ಕನ್ನಡಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ. "ಫೋನಿನ ಆಚೆ ಕಡೆ ಒಬ್ಬ ಚಿತ್ರ ಬರೆಯುವವರಿದ್ದಾರೆ. ಅವರು ನಿಮ್ಮನ್ನು ನೋಡಿಲ್ಲ. ನೀವು ಹೇಳಿದ್ದನ್ನು ಕೇಳಿಯೇ ಬರೆಯಬೇಕು. ತಲೆಯಿಂದ ಶುರು ಮಾಡಿ." ಒಬ್ಬಳು ಕೂದಲು, ಹಣೆ ಹೇಳಿದಳು. ಕುತ್ತಿಗೆಯಿಂದ ಒಂದೇ ನೆಗೆತಕ್ಕೆ ತೊಡೆಗೆ ಹಾರಿದಳು. "ತೊಡೆ ಅಸಹ್ಯ." ನಾನು ಕೇಳಿದೆ, "ಅಸಹ್ಯವನ್ನು ಅವರು ಯಾವ ಗೆರೆಯಲ್ಲಿ ಬರೆಯುತ್ತಾರೆ?" ಉತ್ತರ ಇಲ್ಲ. ಮತ್ತೆ ಕುತ್ತಿಗೆಗೆ ಕರೆದುಕೊಂಡು ಬಂದೆ. ಭುಜ, ಮೊಣಕೈ, ಬೆರಳು. ಸರದಿ ಬಂದಾಗ ತೊಡೆಯನ್ನೂ ಹೇಳಿದಳು: "ಮೇಲೆ ಅಗಲ, ಮಂಡಿ ಹತ್ತಿರ ಕಿರಿದು. ಮಂಡಿ ಕೆಳಗೆ ಒಂದು ಕಲೆ ಇದೆ, ಸೈಕಲ್ಲಿಂದ ಬಿದ್ದದ್ದು, ಆರನೇ ಕ್ಲಾಸು." ಆ ಕಲೆ ಇರುವುದೇ ಅವಳಿಗೆ ಮರೆತುಹೋಗಿತ್ತು. ದಿನಕ್ಕೆ ಅದೆಷ್ಟು ಸಲ ನೋಡುತ್ತಿದ್ದ ಕಾಲು ಅದು! ಹೀಗೆ ವಾರಗಟ್ಟಲೆ, ಪ್ರತಿ ಸಲ ಅರ್ಧ ಗಂಟೆಗೂ ಜಾಸ್ತಿ ನಡೆಯುತ್ತದೆ. ಮೊದಲು ಭಯ ಏರುತ್ತದೆ. ಕನ್ನಡಿ ಬಿಟ್ಟು ಓಡದೆ ನಿಂತರೆ ತಾನಾಗಿ ಇಳಿಯುತ್ತದೆ. ಅರ್ಧಕ್ಕೇ ಬಿಟ್ಟುಬಿಟ್ಟರೆ ಭಯ ಹಾಗೇ ಉಳಿದುಬಿಡುತ್ತದೆ. ಮನೆಯಲ್ಲಿ ಇದನ್ನು ಬೇಡ ಎನ್ನುವುದಕ್ಕೆ ಅದೇ ಕಾರಣ.

ಕನ್ನಡಿಯ ಹೊರಗೂ ಒಂದು ಕೆಲಸ ಇದೆ. ಆಕ್ಸ್‌ಫರ್ಡ್‌ನ ಕ್ರಿಸ್ಟೊಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯಲ್ಲಿ ಎರಡು ವಿಷಯಕ್ಕೆ ತುಂಬ ಮಹತ್ವ. ಒಂದು, ಮೈ ತಪಾಸಣೆ. ಹೆಬ್ಬೆರಳು ತೋರುಬೆರಳಿನಿಂದ ಮಣಿಕಟ್ಟು ಸುತ್ತಿ ನೋಡುವುದು, ತೋಳು ಚಿವುಟುವುದು, ಫೋನ್ ಕ್ಯಾಮೆರಾದಲ್ಲಿ ಪಕ್ಕದಿಂದ ಹೊಟ್ಟೆ ನೋಡುವುದು. ಎಷ್ಟು ಜಾಸ್ತಿ ತಪಾಸಣೆಯೋ ಅಷ್ಟು ಜಾಸ್ತಿ ಅನುಮಾನ. ಬೀಗ ಹಾಕಿದ್ದೇನಾ ಎಂದು ಹತ್ತು ಸಲ ನೋಡಿದವರಿಗೆ ಹನ್ನೊಂದನೇ ಸಲವೂ ನಂಬಿಕೆ ಬರುವುದಿಲ್ಲವಲ್ಲ, ಹಾಗೆ. ಇದನ್ನು ಎಣಿಸಿ, ಬರೆದು, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗುತ್ತಾರೆ. ಹಾಗಂತ ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಬೇಡಿ. ನೋಡದೇ ಇದ್ದರೂ ಭಯ ಬೆಳೆಯುತ್ತದೆ. ತಲೆ ಬಾಚಲು, ಬಟ್ಟೆ ಸರಿಮಾಡಿಕೊಳ್ಳಲು ಕನ್ನಡಿ ಇರಲಿ.

ಎರಡನೆಯದು "ದಪ್ಪ ಅನ್ನಿಸುವುದು". ಬೆಳಗ್ಗೆ ಹತ್ತಕ್ಕೆ ಅನ್ನಿಸಲಿಲ್ಲ, ಹನ್ನೊಂದಕ್ಕೆ ಅನ್ನಿಸಿತು. ಒಂದು ಗಂಟೆಯಲ್ಲಿ ಮೈ ಬದಲಾಗುವುದಿಲ್ಲ. ಹಾಗಾದರೆ ಆ ಗಂಟೆಯಲ್ಲಿ ಏನಾಯಿತು? ಗೆಳತಿ ಮೆಸೇಜಿಗೆ ಉತ್ತರ ಕೊಡಲಿಲ್ಲವೇ? ರಿಸಲ್ಟ್ ಬಂತೇ? ಸೆಖೆಗೆ ಬಟ್ಟೆ ಮೈಗೆ ಅಂಟಿತೇ? ಮುಟ್ಟಿನ ದಿನ ಹತ್ತಿರ ಬಂತೇ? ಬೇಜಾರು, ಒಂಟಿತನ, ಸಿಟ್ಟು, ಸುಸ್ತು ಎಲ್ಲವೂ ಈ ಕಾಯಿಲೆಯಲ್ಲಿ "ದಪ್ಪ" ಎಂಬ ಒಂದೇ ಪದ ಹಾಕಿಕೊಂಡು ಬರುತ್ತವೆ. ಅವಳು ಹಾಗೆ ಅಂದಾಗ ಮೈ ವಿಷಯಕ್ಕೆ ಹೋಗದೆ "ಇವತ್ತು ಏನಾಯ್ತು ಪುಟ್ಟಾ?" ಎಂದು ಕೇಳಿ. ಇದನ್ನು ಮಾತ್ರ ನೀವು ಮನೆಯಲ್ಲಿ ಇವತ್ತೇ ಶುರು ಮಾಡಬಹುದು.

ಮನೆಯವರ ಮಾತಿನ ಬಗ್ಗೆಯೂ ಹೇಳಲೇಬೇಕು. ನಮ್ಮಲ್ಲಿ ಪ್ರೀತಿ ಹೇಳುವುದೇ ಮೈ ನೋಡಿ. "ಅಯ್ಯೋ, ಎಷ್ಟು ಸಣ್ಣ ಆಗಿದ್ದೀಯ!", "ಈಗ ಮೈ ಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ". ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಚೇತರಿಸಿಕೊಳ್ಳುತ್ತಿರುವ ಹುಡುಗಿಗೆ ಮೊದಲನೆಯದು ಬಹುಮಾನದಂತೆ ಕೇಳುತ್ತದೆ, ಎರಡನೆಯದು "ದಪ್ಪ ಆಗಿದ್ದೀಯ" ಎಂದೇ ಕೇಳುತ್ತದೆ. ಆ ದಿನದ ರಾತ್ರಿ ಊಟ ಕೈಬಿಟ್ಟುಹೋಗುತ್ತದೆ. ಮದುವೆ, ಗೃಹಪ್ರವೇಶಕ್ಕೆ ಹೋಗುವ ಮೊದಲು ಅತ್ತೆ, ಚಿಕ್ಕಮ್ಮಂದಿರಿಗೆ ಫೋನ್ ಮಾಡಿ ತಿಳಿಸಿ: ಅವಳ ಮೈ ಬಗ್ಗೆ ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ನೀವೂ ಅವಳ ಎದುರು "ನಂದು ಹೊಟ್ಟೆ ಬಂದಿದೆ, ಇವತ್ತು ರಾತ್ರಿ ಅನ್ನ ಬೇಡ" ಎನ್ನಬೇಡಿ. ತಂಗಿಯ ಪಕ್ಕ ನಿಲ್ಲಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಮಗುವಿಗೂ ಅದು ಒಳ್ಳೆಯದಲ್ಲ.

ಕೆಲವು ಲಕ್ಷಣ ಕಂಡರೆ ಇದೆಲ್ಲ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಲೆಸುತ್ತಿ ಬೀಳುವುದು, ನಾಡಿ ತೀರಾ ನಿಧಾನವಾಗುವುದು, ಎದೆ ಬಡಿತ ಏರುಪೇರಾಗುವುದು, ಊಟ ಜಾಸ್ತಿ ಮಾಡಿದ ದಿನಗಳಲ್ಲಿ ಕಾಲು ಊದಿ ಉಸಿರು ಕಟ್ಟುವುದು, ಪದೇ ಪದೇ ವಾಂತಿ ಮಾಡಿಕೊಳ್ಳುವುದು. ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯವೇ ಹದ ತಪ್ಪಬಹುದು. ರಕ್ತ ಪರೀಕ್ಷೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಅದನ್ನು ಹಾರಿಸಿಬಿಡಬೇಡಿ, ಒಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈಗಿನ ಡಾಕ್ಟರ ಜೊತೆಗೆ ಇನ್ನೊಂದು ಅಭಿಪ್ರಾಯ ಬೇಕೆನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಾಸನದಿಂದ ಹೋಗಿಬರಲು ಒಂದು ದಿನ ಸಾಕು.

ಕೊನೆಗೆ, ಆ ಹಳೇ ಚೂಡಿದಾರ. ಅದನ್ನು ಅವಳ ಬೀರುವಿನಿಂದ ತೆಗೆಯಿರಿ. ಕಾಯಿಲೆಯ ದಿನಗಳಲ್ಲಿ ಕೊಂಡ ಇನ್ನೂ ಚಿಕ್ಕ ಬಟ್ಟೆಗಳಿದ್ದರೆ ಅವನ್ನೂ ತೆಗೆಯಿರಿ. ಅವಳು ರಾತ್ರಿ ಕದ್ದು ಹಾಕಿ ನೋಡುವುದು ಅವನ್ನೇ. ಅವಳಿಗೆ ಹೇಳಿಯೇ ತೆಗೆಯಿರಿ, ಬಚ್ಚಿಡಬೇಡಿ. ಬದಲಿಗೆ ಎರಡು ಜೊತೆ ಹೊಸ ಬಟ್ಟೆ ತನ್ನಿ. ಸೊಂಟಕ್ಕೆ ಇಲಾಸ್ಟಿಕ್ ಇರಲಿ, ಮೆತ್ತನೆ ಹತ್ತಿಯದಿರಲಿ, ಬಣ್ಣ ಅವಳೇ ಆರಿಸಲಿ. ಮನೆಗೆ ಬಂದ ಕೂಡಲೇ ಕತ್ತರಿ ತೆಗೆದುಕೊಂಡು ಕಾಲರಿನ ಹಿಂದಿರುವ ಸೈಜಿನ ಚೀಟಿ ಕತ್ತರಿಸಿಬಿಡಿ.